ಪೆಸಮಿನೊನ ಕೊನೆಯ ಚಿಪ್ಪು

ಲಾಲೋನಿಯು ಊರಿನಲ್ಲಿ ಪೆಸಮಿನೊನ ಗಂಟಲಿಗೆ ಎರಡು ಉದ್ಯೋಗ. ಬುಧವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಬಿಂಗೊ ಆಟದ ಸಂಖ್ಯೆ ಕೂಗುವುದು ಒಂದು. ಹಿರಿಯರು ಸೇರಿದ ದಿನ ದೊಡ್ಡಮನೆಯಲ್ಲಿ ಆವಾ ಹಂಚುವಾಗ, ಈ ಚಿಪ್ಪು ಯಾರಿಗೆ ಎಂದು ಕೂಗುವುದು ಇನ್ನೊಂದು. ಎರಡಕ್ಕೂ ಒಂದೇ ದನಿ. ಬಿಂಗೊದಲ್ಲಿ ಅವನು ‘ನಲವತ್ತೇಳು’ ಎಂದರೆ ಮುದುಕಿಯರು ನೆಂಟರ ಸಾವಿನ ಸುದ್ದಿ ಕೇಳಿದವರಂತೆ ಎದೆ ಮುಟ್ಟಿಕೊಳ್ಳುತ್ತಿದ್ದರು. ದೊಡ್ಡಮನೆಯಲ್ಲಿ ಅವನು ಕೂಗಿದರೆ ಮಲಗಿದ್ದ ಹಂದಿಗಳು ಎದ್ದು ಜಾಗ ಬದಲಿಸುತ್ತಿದ್ದವು.

ಆವಾ ಎಂದರೆ ಬೇರು ಕುಟ್ಟಿ ನೀರಿನಲ್ಲಿ ಹಿಂಡಿದ ಪಾನೀಯ. ಬಣ್ಣ ಮಳೆಗಾಲದ ಹೊಳೆಯದು, ರುಚಿಯೂ ಹೆಚ್ಚುಕಡಿಮೆ ಅದರದೇ, ಕುಡಿದ ಮೇಲೆ ನಾಲಿಗೆ ಸ್ವಲ್ಪ ಹೊತ್ತು ಹಲಗೆಯಾಗಿರುತ್ತದೆ. ಸಮೋವದಲ್ಲಿ ಅದನ್ನು ಯಾರೂ ರುಚಿಗಾಗಿ ಕುಡಿಯುವುದಿಲ್ಲ. ಯಾರಿಗಿಂತ ಮೊದಲು ಕುಡಿದೆ ಎನ್ನುವುದಕ್ಕಾಗಿ ಕುಡಿಯುತ್ತಾರೆ. ಮರದ ಬೋಗುಣಿಯಿಂದ ತೆಂಗಿನ ಚಿಪ್ಪಿನಲ್ಲಿ ಮೊಗೆದು, ಕರೆದವರ ಮುಂದೆ ಒಯ್ದು ಕೊಡಬೇಕು. ಮೊದಲ ಚಿಪ್ಪು ಅತಿಥಿಗೆ, ಅತಿಥಿ ಇಲ್ಲದ ದಿನ ಊರ ಯಜಮಾನನಿಗೆ. ಕೊನೆಯ ಚಿಪ್ಪು ಪೆಸಮಿನೊನಿಗೆ.

ಈ ಕೊನೆಯ ಚಿಪ್ಪಿಗೆ ಒಂದು ಇತಿಹಾಸವಿತ್ತು. ಪೆಸಮಿನೊನ ಅಜ್ಜ ಒಮ್ಮೆ ಸಭೆಗೆ ತಡವಾಗಿ, ದೋಣಿಯಲ್ಲಿ ಬಂದ. ಬೋಗುಣಿಯ ತಳದಲ್ಲಿ ಗಸಿ ಮಾತ್ರ ಉಳಿದಿತ್ತು. ಆಗಿನ ಯಜಮಾನ, “ಅಲೆ ಇಳಿದ ಮೇಲೆ ಬಂದ ದೋಣಿಗೂ ಒಂದು ಚಿಪ್ಪು ಕೊಡ್ರಪ್ಪ” ಎಂದು ಅಣಕಿಸಿದ. ಎಲ್ಲರೂ ನಕ್ಕರು, ಅಜ್ಜ ನಗಲಿಲ್ಲ. ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲೇ ಬಂದು, ಬೋಗುಣಿಯ ತಳ ಕಾಣುವವರೆಗೆ ಕಾದು, “ನನ್ನ ಚಿಪ್ಪೆಲ್ಲಿ?” ಎಂದ. ಹತ್ತು ವರ್ಷ ಹೀಗೆ ಕೇಳಿದ ಮೇಲೆ ಅದು ಹಕ್ಕಾಯಿತು. ಅಪ್ಪನ ಕಾಲಕ್ಕೆ ಗೌರವವಾಯಿತು. ಅಣಕದ ಮಾತು ಮನೆತನದ ಬಿರುದಾಯಿತು, ಕೊನೆಯ ಚಿಪ್ಪು ಕೊಡುವಾಗ ಹೆಸರಿನ ಬದಲು ಅದನ್ನೇ ಕೂಗುವುದು ರೂಢಿಯಾಯಿತು. ಪೆಸಮಿನೊನ ಕಾಲಕ್ಕೆ ಕೊನೆಯ ಚಿಪ್ಪು ಮೊದಲನೆಯದಕ್ಕಿಂತ ದೊಡ್ಡದಾಗಿ ಬೆಳೆದಿತ್ತು, ಅವನ ಮನೆಯ ಮಟ್ಟಿಗೆ.

ಮನೆಯ ಮಟ್ಟಿಗೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಎಂಟು ವರ್ಷದ ಹಿಂದೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದಿದ್ದ. ವಿದೇಶಿ ಅತಿಥಿಗಳಿಗಾಗಿ ನಮ್ಮ ಪದ್ಧತಿಗಳ ಬಗ್ಗೆ ಒಂದು ಕಿರುಪುಸ್ತಕ ಬರೆಯುವುದಿತ್ತು. ಯಜಮಾನ ಅಲಿಮಾಲೊ ಊಟ ಮಾಡಿ ಮಲಗಿದ್ದರಿಂದ ಪ್ರಶ್ನೆಗಳಿಗೆಲ್ಲ ಪೆಸಮಿನೊನೇ ಉತ್ತರ ಕೊಟ್ಟ. ಅದರ ಹನ್ನೊಂದನೆಯ ಪುಟದಲ್ಲಿ ಹೀಗೆ ಅಚ್ಚಾಯಿತು: ‘ಮೊದಲ ಚಿಪ್ಪು ಮರ್ಯಾದೆಯದು, ಆದರೆ ಬಲ್ಲವರ ಕಣ್ಣು ಕೊನೆಯ ಚಿಪ್ಪಿನ ಮೇಲಿರುತ್ತದೆ.’ ಆ ಪುಟವನ್ನು ಅವನು ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದ.

ಅವನ ಹೆಂಡತಿ ಫೆಟುವಿಗೆ ಇಂಥ ಇತಿಹಾಸದಲ್ಲಿ ಆಸಕ್ತಿ ಇರಲಿಲ್ಲ. ಅವಳದು ಆಡಳಿತ. ಊರಿನಲ್ಲಿ ಎರಡು ಅಂಗಡಿ, ಮೇಲಿನದು ಮತ್ತು ಕೆಳಗಿನದು, ಎರಡರ ಮಾಲೀಕರಿಗೂ ಮಾತಿಲ್ಲ. ಫೆಟು ಸಕ್ಕರೆಯನ್ನು ಮೇಲಿನ ಅಂಗಡಿಯಲ್ಲಿ, ಸೋಪನ್ನು ಕೆಳಗಿನದರಲ್ಲಿ ಕೊಳ್ಳುತ್ತಿದ್ದಳು. ಇಬ್ಬರೂ ಅವಳನ್ನು ತಮ್ಮ ಕಡೆಯವಳೆಂದೇ ನಂಬಿದ್ದರು. ಎರಡು ಚರ್ಚು, ಇಬ್ಬರು ಪಾದ್ರಿಗಳು. ಹಂದಿ ಕೊಯ್ದ ಭಾನುವಾರ ಒಬ್ಬರಿಗೆ ಬೆನ್ನಿನ ಮಾಂಸ, ಇನ್ನೊಬ್ಬರಿಗೆ ಯಕೃತ್ತು. ಒಬ್ಬರಿಗೆ ಬೆನ್ನು ಇಷ್ಟ, ಇನ್ನೊಬ್ಬರಿಗೆ ಯಕೃತ್ತು ಇಷ್ಟ ಎಂದು ಅವಳಿಗೆ ಗೊತ್ತಿತ್ತು. ಪಕ್ಕದವನಿಗೆ ಕಡಿಮೆ ಹೋಯಿತು ಎನ್ನುವುದು ಇಬ್ಬರಿಗೂ ಇನ್ನೂ ಇಷ್ಟ ಎಂದೂ ಗೊತ್ತಿತ್ತು. ಒಂದು ದಿನ ರೇಡಿಯೊದಲ್ಲಿ ಯಾರೋ ದೊಡ್ಡವರು, ನಮ್ಮ ದೇಶ ಎಲ್ಲರಿಗೂ ಸ್ನೇಹಿತ, ಯಾರಿಗೂ ಶತ್ರುವಲ್ಲ ಎಂದು ಅರ್ಧ ಗಂಟೆ ಹೇಳಿದರು. ಫೆಟು ತೆಂಗಿನಕಾಯಿ ತುರಿಯುತ್ತ, “ಇದನ್ನ ಹೇಳೋಕೆ ಅವ್ರಿಗೆ ಸಂಬಳ ಬೇರೆ ಕೊಡ್ತಾರಾ?” ಎಂದಳು.

ಆ ಸಂಬಳದವರ ಕೆಲಸ ಲಾಲೋನಿಯುವಿಗೆ ಬಂದು ಬಡಿದದ್ದು ಕೆಸುವಿನ ಗಡ್ಡೆಯ ಮೂಲಕ.

ಊರಿನ ಕೆಸುವಿನ ಗಡ್ಡೆ ಕೊಳ್ಳುವವರು ದಕ್ಷಿಣದ ದೊಡ್ಡ ದೇಶದವರು. ಅಲ್ಲಿರುವ ಊರಿನ ಮಕ್ಕಳೆಲ್ಲ ಫೋನು ಮಾಡಿದಾಗ ಚಳಿಯ ವಿಚಾರ ಬಿಟ್ಟು ಬೇರೇನೂ ಹೇಳದ ಕಾರಣ, ಊರು ಅವರನ್ನು ಚಳಿಯವರು ಎನ್ನುತ್ತಿತ್ತು. ಹಿಂದಿನ ವರ್ಷ ಚಳಿಯವರ ಬಂದರಿನಲ್ಲಿ ಒಂದು ಮೂಟೆಯೊಳಗೆ ಒಂದು ಬಸವನಹುಳು ಸಿಕ್ಕಿತು. ಕೂಡಲೇ ವ್ಯಾಪಾರ ಬಂದ್. ಮೂರು ಮಂತ್ರಿಗಳು ಮಾತಾಡಿ ತೆರೆಸಲಾರದ ಬಾಗಿಲನ್ನು ಆ ಹುಳು ಒಂದೇ ಏಟಿಗೆ ಮುಚ್ಚಿತ್ತು.

ಇನ್ನು ಗಡ್ಡೆ ಹೊರುವ ದೋಣಿ ನಿಲ್ಲಬೇಕಾದ ಊರಿನ ಕಟ್ಟೆ. ಅದು ಚಂಡಮಾರುತಕ್ಕೆ ಅರ್ಧ ಕುಸಿದಿತ್ತು. ಅದನ್ನು ಕಟ್ಟಿಕೊಡುವವರು ಉತ್ತರದ ಇನ್ನೊಂದು ದೊಡ್ಡ ದೇಶದವರು. ದ್ವೀಪದಲ್ಲಿ ಎಲ್ಲಿ ಹೊಸ ಗೋಡೆ ಕಂಡರೂ ಅದರ ಮೇಲೆ ಅವರ ಹೆಸರಿನ ಫಲಕವಿರುತ್ತಿದ್ದುದರಿಂದ ಅವರು ಸಿಮೆಂಟಿನವರು. ಚಳಿಯವರು ಒಪ್ಪಿ ಕಟ್ಟೆ ಇಲ್ಲದಿದ್ದರೆ ಗಡ್ಡೆ ದಡದಲ್ಲಿ ಕೊಳೆಯುತ್ತದೆ. ಕಟ್ಟೆ ಆಗಿ ಚಳಿಯವರು ಒಪ್ಪದಿದ್ದರೆ ಗಡ್ಡೆ ಹೊಸ ಕಟ್ಟೆಯ ಮೇಲೆ ಕೊಳೆಯುತ್ತದೆ.

ಪೆಸಮಿನೊ ಇಷ್ಟೆಲ್ಲ ಲೆಕ್ಕ ಹಾಕಿರಲಿಲ್ಲ. ‘ಮಾತುಕತೆ ಸೌಹಾರ್ದದ ವಾತಾವರಣದಲ್ಲಿ ನಡೆದಿದೆ’ ಎಂದು ರೇಡಿಯೊ ಹೇಳಿದ ಮಾರನೆಯ ದಿನವೇ ಸಭೆಯಲ್ಲಿ ಎದ್ದುನಿಂತು, ಬಾಗಿಲು ತೆರೆಯುತ್ತದೆ, ಎಲ್ಲರೂ ಕೆಸು ಹಾಕಿ ಎಂದು ಬಿಂಗೊ ದನಿಯಲ್ಲಿ ಸಾರಿದ್ದ. ತಾನೂ ಮೂರು ಎಕರೆ ಹಾಕಿದ್ದ. ಚಳಿಯವರ ಊರಿನ ಮಾಂಸದ ಕಾರ್ಖಾನೆಯಲ್ಲಿ ದುಡಿದು ತಿಂಗಳು ತಿಂಗಳು ಇನ್ನೂರು ತಾಲಾ ದುಡ್ಡು ಕಳಿಸುವ ಮಗಳು ಲಾಂಗಿಗೆ ಒಮ್ಮೆಯಾದರೂ ‘ಈ ತಿಂಗಳು ಬೇಡ ಮಗಳೇ’ ಎಂದು ಹೇಳಬೇಕೆನ್ನುವುದು ಅವನ ಆಸೆ. ಈಗ ಬೆಳೆಗೆ ಎಂಟು ತಿಂಗಳು ತುಂಬಿತ್ತು, ಎಲೆ ಹಳದಿಯಾಗಿತ್ತು. ಇನ್ನೊಂದು ಐದು ವಾರ ಮಣ್ಣಿನಲ್ಲೇ ಬಿಟ್ಟರೆ ಹಂದಿಯೂ ಮೂಸದು. ದಾರಿಯಲ್ಲಿ ಹೋಗುವವರು, “ಏನಪ್ಪಾ ಪೆಸಮಿನೊ, ಬಾಗಿಲು ಯಾವ ನಂಬರಿಗೆ ತೆಗೀತದೆ?” ಎಂದು ಕೇಳಿ ಹೋಗುತ್ತಿದ್ದರು.

ಅಷ್ಟರಲ್ಲಿ ಸುದ್ದಿ ಬಂತು. ಚಳಿಯವರ ರಾಯಭಾರಿ ಮಂಗಳವಾರ ಬಂದು ಗದ್ದೆ ನೋಡುತ್ತಾರೆ. ಸಿಮೆಂಟಿನವರ ರಾಯಭಾರಿ ಗುರುವಾರ ಬಂದು ಕಟ್ಟೆ ನೋಡುತ್ತಾರೆ. ಇಬ್ಬರಿಗೂ ದೊಡ್ಡಮನೆಯಲ್ಲಿ ಆವಾ. ಮಂಗಳವಾರ ಬೆಳಿಗ್ಗೆ ಬೇರು ಕುಟ್ಟಿ ಪುಡಿ ಮಾಡಿ, ಹಂದಿಯನ್ನು ಬಿಸಿಗಲ್ಲಿನ ಒಲೆಗೆ ಇಳಿಸುವ ಹೊತ್ತಿಗೆ ಸಮುದ್ರ ಕೆಟ್ಟಿತು, ಹಡಗು ಹೊರಡಲಿಲ್ಲ. ಮಧ್ಯಾಹ್ನ ಫೋನು ಬಂತು. ರಾಜಧಾನಿಯ ಕಚೇರಿಯಲ್ಲಿ ಅತಿಥಿ ಮರ್ಯಾದೆ ನೋಡಿಕೊಳ್ಳುವ ಸಿಯೆನಿ, ಪೆಸಮಿನೊನ ಅಣ್ಣನ ಮಗಳು.

“ಚಿಕ್ಕಪ್ಪ, ಒಂದು ಸಣ್ಣ ತೊಂದ್ರೆ.”

“ರಾಜಧಾನಿಯೋರ ಸಣ್ಣ ತೊಂದ್ರೆ ಯಾವಾಗ್ಲೂ ನನ್ನ ಹೊಟ್ಟೆಯಷ್ಟಿರುತ್ತೆ. ಹೇಳು.”

“ಇಬ್ರೂ ಗುರುವಾರನೇ ಬರ್ತಾರೆ. ಒಂದೇ ಹಡಗಲ್ಲಿ.”

“ಬರ್ಲಿ. ಮನೆಗೆ ಎರಡು ತುದಿ ಇದೆ. ಒಂದೊಂದು ಕಂಬದ ಹತ್ರ ಒಬ್ಬೊಬ್ರನ್ನ ಕೂರಿಸ್ತೀನಿ. ಎರಡು ತುದೀನೂ ಸಮ.”

“ಕೂರಿಸೋದಲ್ಲ ಚಿಕ್ಕಪ್ಪ, ಕುಡಿಸೋದು. ಯಾರಿಗೂ ಇನ್ನೊಬ್ರಿಗಿಂತ ಮೊದ್ಲು ಕೊಡ್ಬಾರ್ದು, ಯಾರಿಗೂ ಆಮೇಲೆ ಕೊಡ್ಬಾರ್ದು. ಮೇಲಿಂದ ಕಾಗದ ಬಂದಿದೆ.”

“ಮತ್ತೆ ಯಾವಾಗ ಕೊಡ್ಲಿ?”

“ಅದನ್ನ ಕಾಗದದಲ್ಲಿ ಬರ್ದಿಲ್ಲ.”

“ಅಲಿಮಾಲೊಗೆ ಮೊದಲ್ನೇದು ಕೊಟ್ಟುಬಿಡ್ಲಾ?”

“ಅವ್ರಿಗೆ ಡಾಕ್ಟ್ರು ಆವಾ ಮುಟ್ಬೇಡಿ ಅಂದಿದ್ದಾರಲ್ಲ. ನಿಮ್ಮ ಕೈಲಾಗುತ್ತೆ ಅಂತ ನಮ್ಮ ಸಾಹೇಬ್ರಿಗೆ ಮಾತು ಕೊಟ್ಟಿದ್ದೀನಿ. ಇಡ್ತೀನಿ, ಇನ್ನೊಂದು ಫೋನ್ ಬರ್ತಿದೆ.”

ಪೆಸಮಿನೊ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆ ಚಪ್ಪರಕ್ಕೆ ಹೋದ. ಫೆಟು ಕುಟ್ಟಿದ ಆವಾ ಪುಡಿಯನ್ನು ಬಾಳೆ ಎಲೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದಳು. ಅವನು ಎಲ್ಲ ಹೇಳಿದ. ಕೊನೆಗೆ, “ದೇಶದ ಭಾರ ಪೂರ್ತಿ ನನ್ನ ಹೆಗಲ ಮೇಲೆ ಬಂದು ಕೂತಿದೆ ಕಣೇ” ಎಂದ.

“ಕೂತ್ರೆ ಕೂರ್ಲಿ, ಅಗಲವಾಗಿದೆ. ಇದ್ರಲ್ಲೇನಿದೆ? ಮೊದಲ್ನೇದು ಒಬ್ರಿಗೆ, ಕೊನೇದು ಇನ್ನೊಬ್ರಿಗೆ. ಮೊದಲ್ನೇದು ದೊಡ್ಡದು ಅಂತ ಅವ್ರಿಗೆ ಹೇಳಿ, ಕೊನೇದು ದೊಡ್ಡದು ಅಂತ ಇವ್ರಿಗೆ ಹೇಳಿ.”

ಪೆಸಮಿನೊ ಫೋನನ್ನು ಕೆಳಗಿಟ್ಟ. “ಕೊನೇದು ನಂದು” ಎಂದ.

“ಗೊತ್ತು.”

“ಮೂರು ತಲೆಮಾರಿಂದ...”

“ನಿಮ್ಮಜ್ಜ ತಡವಾಗಿ ಬಂದಿದ್ರು ಕಣ್ರೀ. ಹಂದಿಗಳಿಗೂ ಗೊತ್ತು ಆ ಕತೆ.” ಅವಳು ಕೈ ಒರೆಸಿಕೊಂಡಳು. “ಗಡ್ಡೆ ಬೇಕೋ ಗಸಿ ಬೇಕೋ ನೋಡ್ಕೊಳ್ಳಿ.”

ಅವನು ಸಿಟ್ಟಿನಿಂದ ಗದ್ದೆಗೆ ಹೋದ. ಒಂದು ಗಿಡ ಕಿತ್ತು ಗಡ್ಡೆಯ ಮಣ್ಣು ಕೊಡವಿ ಹೆಬ್ಬೆರಳಿನಿಂದ ಒತ್ತಿದ. ಗಟ್ಟಿ ಇತ್ತು. ಇನ್ನೊಂದು ಕಿತ್ತ. ಅದರ ಬುಡದಲ್ಲಿ ಬೆರಳು ಒಂದಿಷ್ಟು ಒಳಗೆ ಹೋಯಿತು. ಮೂರು ಎಕರೆಯ ನಡುವೆ ನಿಂತು ಅವನು ಆ ಮೆತ್ತಗಿನ ಗಡ್ಡೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಸಂಜೆ ಊಟಕ್ಕೆ ಕೂತಾಗ ಫೆಟುವಿನ ಮುಖ ನೋಡದೆ, “ಕೊನೇದು ಸಿಮೆಂಟಿನೋರಿಗೆ” ಎಂದ. ಫೆಟು ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು.

ಗುರುವಾರ ಹಡಗು ಬಂತು. ಚಳಿಯವರ ರಾಯಭಾರಿ ಮೇಲಿನ ಅಟ್ಟದಲ್ಲಿ, ಸಿಮೆಂಟಿನವರ ರಾಯಭಾರಿ ಕೆಳಗಿನ ಅಟ್ಟದಲ್ಲಿ ಪ್ರಯಾಣ ಮಾಡಿದ್ದರು. ನಡುವಿನ ಮೆಟ್ಟಿಲ ಮೇಲೆ ಸಿಯೆನಿ. ಚಳಿಯವರದು ಉದ್ದನೆಯ ಹೆಂಗಸು, ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಸಿಮೆಂಟಿನವರದು ಅಚ್ಚುಕಟ್ಟಾದ ಗಂಡಸು. ಯಾವ ಕಂಬ ನೋಡಿದರೂ ಮನಸ್ಸಿನಲ್ಲೇ ಅಳತೆ ಹಿಡಿಯುವವನ ಹಾಗೆ ಕಾಣುತ್ತಿದ್ದ. ದೊಡ್ಡಮನೆಯ ಎರಡು ತುದಿಗಳಲ್ಲಿ ಇಬ್ಬರನ್ನೂ ಕೂರಿಸಿದರು. ನಡುವೆ ಊರಿನ ಹಿರಿಯರು. ಅಲಿಮಾಲೊ ಕಂಬಕ್ಕೆ ಒರಗಿ ಒಂದು ಕಣ್ಣು ಮುಚ್ಚಿದ. ಗೋಡೆಯಿಲ್ಲದ ಮನೆಯಾದ್ದರಿಂದ ಹೊರಗೆ ಹುಲ್ಲಿನ ಮೇಲೆ ಕೂತ ಹೆಂಗಸರಿಗೆ ಒಳಗಿನದೆಲ್ಲ ಒಳಗಿನವರಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಬೋಗುಣಿ ಸಿದ್ಧವಾಯಿತು. ಮೊಗೆದ ಚಿಪ್ಪನ್ನು ಎರಡು ಕೈಯಲ್ಲಿ ಹಿಡಿದು ತರುಣನೊಬ್ಬ ನಡುಮನೆಯಲ್ಲಿ ನಿಂತ. ಪೆಸಮಿನೊ ಚಳಿಯವರ ಕಡೆ ತಿರುಗಿ ಉಸಿರು ತುಂಬಿಕೊಂಡ. ಆ ಹೆಂಗಸು ಮೆಲ್ಲಗೆ ಕೈ ಎತ್ತಿದಳು.

“ನಾವು ಹಳೇ ನೆಂಟರು. ಮನೆಯವರೇ ಆಗಿಬಿಟ್ಟಿದ್ದೀವಿ” ಎಂದಳು, ಅಚ್ಚ ಸಮೋವನ್ ಭಾಷೆಯಲ್ಲಿ. “ಮೊದಲ ಚಿಪ್ಪು ನಮ್ಮ ಗೆಳೆಯರಿಗೆ ಹೋಗಲಿ. ನಾನು ಕಾಯ್ತೀನಿ. ಕೊನೇವರೆಗೂ ಕಾಯ್ತೀನಿ.”

ಆ ತುದಿಯಿಂದ ದುಭಾಷಿಯ ದನಿ ಬಂತು. “ನಮ್ಮ ರಾಯಭಾರಿಗಳು ಹೇಳ್ತಾರೆ, ನಾವು ಇಲ್ಲಿಗೆ ಹೊಸಬರು, ಚಿಕ್ಕವರು. ಹಿರಿಯರು ಮೊದಲು ಕುಡೀಲಿ. ಎಲ್ಲರದೂ ಆದ ಮೇಲೆ, ತೀರಾ ಆಮೇಲೆ, ನಮಗೊಂದು ಸಿಕ್ಕಿದರೆ ಸಾಕು.”

ಇಂಥ ವಿನಯವನ್ನು ದೊಡ್ಡಮನೆ ಎಂದೂ ಕಂಡಿರಲಿಲ್ಲ. ಹಿರಿಯರು ತಲೆದೂಗಿದರು. ಪೆಸಮಿನೊನಿಗೆ ಮಾತ್ರ, ಚಳಿಯವಳ ಮಡಿಲಿನಲ್ಲಿ ಒಂದು ಕಿರುಪುಸ್ತಕ, ಅದರ ನಡುವೆ ಒಂದು ಹಳದಿ ಚೀಟಿ ಕಂಡಿತು. ಸಿಮೆಂಟಿನವರ ದುಭಾಷಿಯ ಕೈಯಲ್ಲೂ ಅದೇ ಕಿರುಪುಸ್ತಕ. ಬೆರಳು ಸಿಕ್ಕಿಸಿದ್ದ ಜಾಗ ಎಷ್ಟನೆಯ ಪುಟವೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಎಂಟು ವರ್ಷದಿಂದ ಬೈಬಲ್ಲಿನೊಳಗೆ ಬೆಚ್ಚಗಿದ್ದ ಆ ಮಾತು ಎದ್ದುಬಂದು ಅವನ ಎದುರೇ ಚಕ್ಕಳಮಕ್ಕಳ ಹಾಕಿ ಕೂತಿತ್ತು.

ಮೊಗೆದ ಚಿಪ್ಪನ್ನು ಬೋಗುಣಿಗೆ ಮತ್ತೆ ಸುರಿಯುವಂತಿಲ್ಲ, ಚೆಲ್ಲುವಂತಿಲ್ಲ. ಯಾರದಾದರೂ ಹೆಸರು ಕೂಗಲೇಬೇಕು. ತರುಣ ಒಮ್ಮೆ ಆ ತುದಿ, ಒಮ್ಮೆ ಈ ತುದಿ ನೋಡಿದ. ಸಿಯೆನಿ ಕಣ್ಣಿನಲ್ಲೇ ಅಂಗಲಾಚಿದಳು. ಪೆಸಮಿನೊನ ತಲೆ ಖಾಲಿಯಾಯಿತು. ಆದರೆ ಗಂಟಲಿಗೆ ತಲೆಯ ಅಪ್ಪಣೆ ಬೇಕಾಗಿರಲಿಲ್ಲ. ಬಿಂಗೊದಲ್ಲಿ ಗೋಲಿ ಬಿದ್ದ ಕ್ಷಣ ಅದು ಬಾಯಿ ಬಿಡುತ್ತಿತ್ತು. ಈಗಲೂ ಬಿಟ್ಟಿತು. ಬದುಕಿನಲ್ಲಿ ತೀರಾ ಹೆಚ್ಚು ಸಲ ಕೂಗಿದ್ದನ್ನೇ ಕೂಗಿತು.

“ಅಲೆ ಇಳಿದ ಮೇಲೆ ಬಂದ ದೋಣಿ.”

ತರುಣ ಕೂಗು ಕೇಳಿದೆಡೆಗೆ ನಡೆದು ಅಭ್ಯಾಸವಾದವನು. ಸೀದಾ ಬಂದು ಪೆಸಮಿನೊನ ಕೈಗೇ ಚಿಪ್ಪು ಕೊಟ್ಟ. ಕೊಟ್ಟಮೇಲೆ ಕುಡಿಯದೆ ವಿಧಿಯಿಲ್ಲ. ಎರಡು ದೊಡ್ಡ ದೇಶಗಳೂ ಒಬ್ಬ ಯಜಮಾನನೂ ಹಾಜರಿದ್ದ ಸಭೆಯಲ್ಲಿ ಬಿಂಗೊ ಕೂಗುವವನು ಮೊದಲ ಚಿಪ್ಪು ಕುಡಿದ. ಅಲಿಮಾಲೊನ ಮುಚ್ಚಿದ್ದ ಕಣ್ಣು ತೆರೆಯಿತು.

“ರುಚಿಯಾಗಿದೆಯಾ?” ಎಂದು ಅಲಿಮಾಲೊ ಕೇಳಿದ.

“ಸ್ವಲ್ಪ ನೀರು ಜಾಸ್ತಿ” ಎಂದ ಪೆಸಮಿನೊ.

ಚಿಪ್ಪು ಹಿರಿಯರ ನಡುವೆ ತಿರುಗತೊಡಗಿತು. ಒಂದೊಂದು ಚಿಪ್ಪಿಗೂ ಬೋಗುಣಿ ಇಳಿಯುತ್ತಿತ್ತು. ಎರಡು ತುದಿಗಳಿಂದ ಇಬ್ಬರು ಅತಿಥಿಗಳೂ ಅದನ್ನೇ ನೋಡುತ್ತ, ಇಬ್ಬರೂ ಮುಗುಳ್ನಗುತ್ತ, ತಾವು ತೀರಾ ಕೊನೆಯವರೆಂದು ಇಬ್ಬರೂ ನಂಬಿ ಕೂತಿದ್ದರು. ಪೆಸಮಿನೊನ ಬೆನ್ನಲ್ಲಿ ಬೆವರು ಹರಿದು ಸೊಂಟದ ಬಟ್ಟೆಯನ್ನು ನೆನೆಸಿತು. ಮೂರು ಎಕರೆಯ ಗಡ್ಡೆ ಒಂದೊಂದಾಗಿ ಮೆತ್ತಗಾಗುವುದು ಅವನಿಗೆ ಕೇಳಿಸುತ್ತಿತ್ತು.

ಆಗ ಹುಲ್ಲಿನ ಮೇಲಿಂದ ಫೆಟುವಿನ ದನಿ ಬಂತು. ಗಂಡನ ಹಾಗೆ ಅವಳು ಕೂಗುವವಳಲ್ಲ. ಅಂಗಡಿಯಲ್ಲಿ ಸೋಪು ಕೇಳುವ ಹಾಗೆ ಕೇಳಿದಳು. “ಏನ್ರೀ, ಮಂಗಳವಾರದ ಬೋಗುಣಿನ ಈಗ್ಲೇ ತರ್ಲಾ, ಆಮೇಲೆ ತರ್ಲಾ?”

“ಯಾವ ಮಂಗಳ...” ಎಂದವನು ಅಲ್ಲಿಗೇ ನಿಲ್ಲಿಸಿದ. ಅಟ್ಟದ ಮೇಲಿನ ಬಾಳೆ ಎಲೆಯ ಗಂಟು ನೆನಪಾಯಿತು. ಆಗಲೇ ಇಬ್ಬರು ಹೆಂಗಸರು ಇನ್ನೊಂದು ಬೋಗುಣಿಯನ್ನು ಹೊತ್ತು ನಿಂತಿದ್ದರು; ಪುಡಿ ಕಲಸಿ, ಹಿಂಡಿ, ಸೋಸಿ ಎಲ್ಲ ಆಗಿತ್ತು. ತಾನು ಬೆವರುತ್ತಿದ್ದಾಗ ಇವಳು ಕಲಸುತ್ತಿದ್ದಳು ಎಂದು ಪೆಸಮಿನೊನಿಗೆ ಹೊಳೆಯಿತು. ಅಷ್ಟು ಹೊಳೆದದ್ದೇ ತಡ, ಅವನಿಗೆ ಬಾಯಿ ಬಂತು. ಎದ್ದುನಿಂತು, ಸಭೆಯಲ್ಲಿ ಮಾತಾಡುವವರು ಹಿಡಿಯುವ ನಾರಿನ ಚವರಿಯನ್ನು ಹೆಗಲಿಗೆ ಹಾಕಿಕೊಂಡ.

“ಮಂಗಳವಾರ ಹೊರಟ ಅತಿಥಿ ಮಂಗಳವಾರದ ಅತಿಥಿಯೇ” ಎಂದು ಆರಂಭಿಸಿದ. “ನಡುವೆ ಸಮುದ್ರ ಏನು ಹೇಳಿತು ಅನ್ನೋದು ಸಮುದ್ರದ ವಿಚಾರ. ಈ ಮನೆ ಸಮುದ್ರದ ಮಾತು ಕೇಳಿ ಯಾರ ಚಿಪ್ಪನ್ನೂ ತಪ್ಪಿಸಿದ್ದಲ್ಲ. ಚಳಿ ದೇಶದಿಂದ ಬಂದ ಅಮ್ಮನ ಬೋಗುಣಿ ಎರಡು ದಿನದಿಂದ ಅವರ ದಾರಿ ನೋಡ್ತಾ ಕೂತಿದೆ. ಉತ್ತರದಿಂದ ಬಂದ ಅಪ್ಪನ ಬೋಗುಣಿ ಇವತ್ತಿನದು, ಬಿಸಿಯಾಗಿದೆ. ಅವರವರ ಬೋಗುಣಿಯ ತಳ ಅವರವರಿಗೆ.”

ಆವಾ ಎಂದೂ ಬಿಸಿ ಇರುವುದಿಲ್ಲ. ಆದರೆ ಮಾತಿನ ಓಟದಲ್ಲಿ ಅದನ್ನು ಯಾರೂ ತಡೆಯಲಿಲ್ಲ.

ಎರಡನೆಯ ಬೋಗುಣಿ ಚಳಿಯವಳ ತುದಿಗೆ ಹೋಯಿತು. ಅದನ್ನೂ ತಳದವರೆಗೆ ಹಂಚಬೇಕಾದ್ದರಿಂದ ಹಿರಿಯರೆಲ್ಲ ಇನ್ನೊಂದು ಸುತ್ತು ಕುಡಿದರು. ಸಂಜೆಯವರೆಗೆ ಅವರಲ್ಲಿ ಯಾರಿಗೂ ನಾಲಿಗೆ ಹೊರಳಲಿಲ್ಲ. ಕಟ್ಟಕಡೆಗೆ ಇಬ್ಬರು ತರುಣರು ಎರಡು ಚಿಪ್ಪು ಹಿಡಿದು ಎರಡು ತುದಿಗಳಿಗೆ ಒಂದೇ ಹೆಜ್ಜೆಯಲ್ಲಿ ನಡೆದರು. ಚಳಿಯವಳು ತನ್ನ ಕೊನೆಯ ಚಿಪ್ಪು ಕುಡಿಯುತ್ತ, ಅತ್ತ ತುದಿಯಲ್ಲಿ ಯಾವುದೋ ಗುರುವಾರದ ಚಿಪ್ಪು ಕುಡಿಯುತ್ತಿದ್ದವನನ್ನು ಕನಿಕರದಿಂದ ನೋಡಿದಳು. ಅವನೂ ಅವಳನ್ನು ಎರಡು ದಿನದ ಹಳಸಲು ಕುಡಿಯುವವಳನ್ನು ನೋಡುವ ಹಾಗೆ ನೋಡಿದ. ಮೂರು ತಲೆಮಾರಿನ ಗಸಿ ಇಬ್ಬರ ಗಂಟಲಲ್ಲೂ ಇಳಿಯುವುದನ್ನು ಪೆಸಮಿನೊ ಬರಿಗೈಯಲ್ಲಿ ನಿಂತು ನೋಡಿದ. ಅವನ ಗಂಟಲು ಒಮ್ಮೆ ತಾನೇ ನುಂಗಿಕೊಂಡಿತು.

ಊಟದ ಮೇಲೆ ಗದ್ದೆ ನೋಡಿ ಚಳಿಯವಳು, ಸೋಮವಾರ ತಪಾಸಣೆಯವರನ್ನು ಕಳಿಸುತ್ತೇನೆ ಎಂದಳು. ಪೆಸಮಿನೊ ಅದನ್ನು ಕಟ್ಟೆಯ ಹತ್ತಿರ ಅಳತೆ ಹಿಡಿಯುತ್ತಿದ್ದವನಿಗೆ ಸುಮ್ಮನೆ, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದ. ಸಿಮೆಂಟು ಮುಂದಿನ ವಾರವೇ ಬರುವುದೆಂದಾಯಿತು. ಅದನ್ನು ಇತ್ತ ಬಂದು ಹೇಳಿದ. ಚಳಿಯವಳಿಂದ ಗಡ್ಡೆ ತೊಳೆದು ಹುಳು ಆರಿಸಲು ಒಂದು ಚಪ್ಪರದ ಮಾತು ಬಂತು. ಅತ್ತ ಹೋಗಿ ಹೇಳಿದ. ಚಪ್ಪರಕ್ಕೆ ದೀಪದ ಕಂಬ ಬಂತು. ಏನನ್ನೂ ಬೇಡಬೇಕಾಗಿಲ್ಲ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತ ಓಡಾಡಿದರೆ ಸಾಕು ಎಂದು ಅವನಿಗೆ ಅರಿವಾಗುವ ಹೊತ್ತಿಗೆ ಸಿಮೆಂಟಿನವನು, ಊರಿಗೊಂದು ದೊಡ್ಡ ಸಭಾಭವನವನ್ನೂ ಕಟ್ಟೋಣವೇ ಎಂದ. ಪೆಸಮಿನೊನ ಕಣ್ಣಿನಲ್ಲಿ ಸಾವಿರ ಕುರ್ಚಿಯ ಬಿಂಗೊ ಕಾಣಿಸಿತು. ಹಿಂದಿನಿಂದ ಫೆಟು ಅವನ ಅಂಗಿ ಜಗ್ಗಿದಳು.

“ಬೇಡ ಅನ್ನಿ.”

“ಯಾಕೇ? ಪುಕ್ಕಟೆ.”

“ಅದರ ಬೀಗದ ಕೈ ಯಾರ ಸೊಂಟದಲ್ಲಿರುತ್ತೆ ಕೇಳಿದ್ರಾ? ಕಟ್ಟೆಗೆ ಬೀಗ ಇಲ್ಲ, ಅದಕ್ಕೇ ಒಪ್ಕೊಂಡೆ. ಸಾಕು, ಹಡಗಿಗೆ ಹೊತ್ತಾಯ್ತು, ಕಳ್ಸಿ.”

ನಾಲ್ಕನೆಯ ವಾರ ಹೊಸ ಕಟ್ಟೆಯಿಂದ ಮುನ್ನೂರು ಚಿಲ್ಲರೆ ಮೂಟೆ ಗಡ್ಡೆ ಹೊರಟವು. ಬಸವನಹುಳು ಹುಡುಕುವ ಕೆಲಸಕ್ಕೆ ಕಣ್ಣು ಚೆನ್ನಾಗಿರುವ ಬಿಂಗೊ ಮುದುಕಿಯರನ್ನೇ ಕೂರಿಸಿದ್ದರು.

ಅದಕ್ಕೂ ಮೊದಲೇ ಊರಿನ ಸಭೆ ಕೂತು ಪೆಸಮಿನೊನ ತಪ್ಪನ್ನು ವಿಚಾರಿಸಿತ್ತು. ಅತಿಥಿಗಳಿಗಿಂತ ಮೊದಲು ಕುಡಿದದ್ದಕ್ಕೆ ಒಂದು ಹೆಣ್ಣು ಹಂದಿ, ಹತ್ತು ಪೆಟ್ಟಿಗೆ ಡಬ್ಬಿ ಮೀನು ದಂಡ. ಅದನ್ನು ಅವನು ನಿರೀಕ್ಷಿಸಿದ್ದ. ನಿರೀಕ್ಷಿಸದೆ ಇದ್ದದ್ದು ಆಮೇಲೆ ಬಂತು. ಅಲಿಮಾಲೊ ಎರಡು ಕಣ್ಣನ್ನೂ ತೆರೆದು ಹೇಳಿದ:

“ಎರಡು ದೇಶ ಕುಡಿದ ಚಿಪ್ಪನ್ನ ಇನ್ನು ನಿನ್ನ ಕೈಗೆ ಹೇಗಪ್ಪಾ ಕೊಡೋದು? ಅವಮಾನ ಆಗಲ್ವಾ ಅವ್ರಿಗೆ? ಇನ್ಮೇಲೆ ಕೊನೇದೂ ಅತಿಥಿಗಳದೇ. ಪುಸ್ತಕದಲ್ಲೇ ಬರೆಸಿದ್ದೀಯಲ್ಲ, ಬಲ್ಲವರ ಕಣ್ಣು ಅದರ ಮೇಲಿರುತ್ತೆ ಅಂತ.”

ಪೆಸಮಿನೊ ಬಾಯಿ ತೆರೆದ. ಊರು ಕಂಡಂತೆ ಮೊದಲ ಸಲ ಅದರಿಂದ ಏನೂ ಬರಲಿಲ್ಲ. ಮನೆಗೆ ಬಂದು ಬೈಬಲ್ಲಿನಿಂದ ಹನ್ನೊಂದನೆಯ ಪುಟ ತೆಗೆದು ಒಲೆಯ ಹತ್ತಿರ ಇಟ್ಟ. ಒಲೆಯೊಳಗೆ ಇಡಲು ಮನಸ್ಸು ಬರಲಿಲ್ಲ. ಫೆಟು ದಂಡದ ಮೀನು ತರಲು ಹೋದಳು, ಐದು ಪೆಟ್ಟಿಗೆ ಮೇಲಿನ ಅಂಗಡಿಯಿಂದ, ಐದು ಪೆಟ್ಟಿಗೆ ಕೆಳಗಿನ ಅಂಗಡಿಯಿಂದ.

ಗಡ್ಡೆಯ ದುಡ್ಡು ಬಂದ ಮರುದಿನ ಬೆಳಿಗ್ಗೆ ಪೆಸಮಿನೊ ಮಗಳಿಗೆ ಫೋನು ಮಾಡಿದ. ಎಷ್ಟೋ ತಿಂಗಳಿಂದ ಅಭ್ಯಾಸ ಮಾಡಿಟ್ಟುಕೊಂಡ ಮಾತು ಬಿಂಗೊ ದನಿಯಲ್ಲೇ ಹೊರಟಿತು. “ಲಾಂಗಿ, ಈ ತಿಂಗಳು ಕಳಿಸ್ಬೇಡ ಮಗಳೇ.”

“ಕೂಗ್ಬೇಡಪ್ಪ, ಕೇಳಿಸ್ತಿದೆ” ಎಂದಳು ಲಾಂಗಿ. “ಇಲ್ಲಿ ಅಂಗಡೀಲಿ ನಮ್ಮೂರ ಗಡ್ಡೆ ಬಂದಿದೆ. ಒಂದು ತಗೊಂಡೆ. ಏನು ರೇಟಪ್ಪಾ ಅದು, ನೀನೇ ತಿಂದ್ಕೋಬಾರ್ದಿತ್ತಾ?”

ಅವನು ಫೋನು ಇಟ್ಟು ಚಾಪೆಯ ಮೇಲೆ ಕೂತ. ಅಡುಗೆ ಚಪ್ಪರದಲ್ಲಿ ಕೋಕೋ ಕುದಿಯುತ್ತಿತ್ತು. ಹುರಿದು ಕುಟ್ಟಿದ ಬೀಜ, ಸೋಸದೆ ನೀರಿನಲ್ಲಿ ಕುದಿಸಿದ್ದು. ಮನೆಯಲ್ಲಿದ್ದ ನೆಂಟರಿಗೆಲ್ಲ ಹಂಚಿ, ಪಾತ್ರೆಯ ತಳದಲ್ಲಿ ಗಸಿ ಗಟ್ಟಿಯಾಗಿ ಉಳಿದಾಗ ಫೆಟು ಅದನ್ನು ಒಂದು ಚಿಪ್ಪಿಗೆ ಬಗ್ಗಿಸಿದಳು. ಎರಡು ಕೈಯಲ್ಲಿ ಹಿಡಿದು ಚಪ್ಪರದ ಬಾಗಿಲಲ್ಲಿ ನಿಂತು, ಗಂಡನ ದನಿಯನ್ನೇ ಎಳೆದು, ಹಂದಿಗಳು ಏಳುವ ಹಾಗೆ ಕೂಗಿದಳು:

“ಅಲೆ ಇಳಿದ ಮೇಲೆ ಬಂದ ದೋಣಿ.”

ಪೆಸಮಿನೊ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಅಂಗಿಯ ಗುಂಡಿ ಹಾಕಿಕೊಂಡು, ಕೈ ಚಾಚಿದ.